ನಿಲ್ಲಿಸುವ ಕೈ ಯಾರದು?

ಇಳಕಲ್ಲಿನ ಕೈಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ನೇಕಾರ ಲಾಳಿಯನ್ನು ನಿಲ್ಲಿಸುತ್ತಾನೆ. ಕಡಿದ ತುದಿಯನ್ನು ಹುಡುಕಿ ಗಂಟು ಹಾಕಿ ಮತ್ತೆ ನೇಯತೊಡಗುತ್ತಾನೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೆಲಸ ಮಾಡುವ ಕೈ, ತಪ್ಪನ್ನು ಕಾಣುವ ಕಣ್ಣು, ನಿಲ್ಲಿಸುವ ಅಧಿಕಾರ ಮೂರೂ ಅವನೊಬ್ಬನಲ್ಲೇ ಇವೆ. ಮನುಷ್ಯನ ದುಡಿಮೆಯ ಇತಿಹಾಸದ ಬಹುಭಾಗ ಹೀಗೆಯೇ ನಡೆದು ಬಂದಿದೆ. ಕೈ ನಿಂತರೆ ಕೆಲಸವೂ ನಿಲ್ಲುತ್ತಿತ್ತು.

ಇಂದು ಕೈ ನಿಂತ ಮೇಲೂ ಕೆಲಸ ನಡೆಯುತ್ತಲೇ ಇರುತ್ತದೆ. ನಾವು ಮಲಗಿರುವಾಗ ಬ್ಯಾಂಕ್ ಖಾತೆಯಿಂದ ಸಾಲದ ಕಂತು ಕಡಿತವಾಗುತ್ತದೆ, ಪಿಂಚಣಿ ಜಮೆಯಾಗುತ್ತದೆ, ಫೋನಿನ ಬಿಲ್ಲು ತಯಾರಾಗುತ್ತದೆ. ಒಂದು ಇಲಾಖೆಯ ಪಟ್ಟಿಯನ್ನು ಇನ್ನೊಂದು ಇಲಾಖೆಯ ಪಟ್ಟಿಯೊಂದಿಗೆ ತಾಳೆ ನೋಡಿ ಕೆಲವರ ಹೆಸರಿನ ಮುಂದೆ ಅನುಮಾನದ ಗುರುತು ಬೀಳುತ್ತದೆ. ಇವನ್ನೆಲ್ಲ ಮಾಡುವುದು ಒಮ್ಮೆ ಬರೆದು, ಒಮ್ಮೆ ಚಾಲೂ ಮಾಡಿ ಬಿಟ್ಟ ತಂತ್ರಾಂಶದ ಸರಣಿಗಳು. ತಂತ್ರಜ್ಞರು ಇವುಗಳನ್ನು ವರ್ಕ್‌ಫ್ಲೋ ಎಂದು ಕರೆಯುತ್ತಾರೆ. ಇಂತಹ ಸಮಯಕ್ಕೆ ಇದನ್ನು ಮಾಡು, ಅದು ಮುಗಿದರೆ ಅದನ್ನು ಮಾಡು ಎಂದು ಯಂತ್ರಕ್ಕೆ ಬರೆದುಕೊಟ್ಟ ದಿನಚರಿ ಅದು.

ಈ ದಿನಚರಿಯನ್ನು ನಡುವೆ ತಡೆಯಲು ಒಂದು ದಾರಿಯಿದೆ. ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲಿ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, 'ನಿಜವಾಗಿಯೂ ನಿಲ್ಲಿಸಬೇಕೇ?' ಎಂದು ಕೇಳುವವರು ಸಾಮಾನ್ಯವಾಗಿ ಯಾರೂ ಇಲ್ಲ. 'ಪಾಜ್' ಎಂಬ ಒಂದು ಪದ, ಅದರ ಮುಂದೆ ಆ ಸರಣಿಯ ಹೆಸರು, ಅಷ್ಟೇ. ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಜನರಿಗೆ ಸಂಬಂಧಿಸಿದ ಕೆಲಸ ಅಲ್ಲಿಗೆ ತಡೆಯುತ್ತದೆ. ಮತ್ತೊಂದು ಪದ ಟೈಪ್ ಮಾಡಿದರೆ ಪುನಃ ಆರಂಭವಾಗುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತ ನಮ್ಮ ಎಷ್ಟೋ ಯುವಕ ಯುವತಿಯರ ಉದ್ಯೋಗವೇ ಇದು. ಸಮುದ್ರದಾಚೆಯ ಯಾವುದೋ ಕಂಪೆನಿಯ ಯಂತ್ರದಿನಚರಿಗೆ ಅವರು ಕಾವಲು ಇರುತ್ತಾರೆ.

ಇದನ್ನು ತಾಂತ್ರಿಕ ವಿಷಯವೆಂದು ಬದಿಗಿಡುವವರೇ ಹೆಚ್ಚು. ಆದರೆ ಇದರೊಳಗೆ ಹಳೆಯದೊಂದು ನೈತಿಕ ಪ್ರಶ್ನೆಯಿದೆ. ತಾನಾಗಿ ನಡೆಯುತ್ತಿರುವ ಕೆಲಸಕ್ಕೆ ಹೊಣೆ ಯಾರು? ಅದನ್ನು ನಿಲ್ಲಿಸುವುದು ಯಾರ ಹಕ್ಕು, ಯಾವಾಗ ಕರ್ತವ್ಯ? ನಿಲ್ಲಿಸಿದವನು ಯಾರಿಗೆ ಉತ್ತರ ಹೇಳಬೇಕು?

ಮಾಡುವುದು ಬೇರೆ, ಆಗಗೊಡುವುದು ಬೇರೆ ಎಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ಕಲ್ಲೆಸೆದವನೂ ಕಲ್ಲು ಬೀಳುವುದನ್ನು ನೋಡಿ ಸುಮ್ಮನಿದ್ದವನೂ ಸಮಾನ ತಪ್ಪಿತಸ್ಥರಲ್ಲ ಎಂಬುದು ಲೋಕದ ತೀರ್ಪು. ಯಂತ್ರದ ದಿನಚರಿಯ ಮುಂದೆ ಈ ಗೆರೆ ಬಹಳ ತೆಳುವಾಗುತ್ತದೆ. ಯಾಕೆಂದರೆ ಅದನ್ನು ಚಾಲೂ ಮಾಡಿದ್ದು ಮನುಷ್ಯನೇ, ಪ್ರತಿದಿನ ಮುಂದುವರಿಯಲು ಬಿಟ್ಟಿರುವುದೂ ಮನುಷ್ಯನೇ. ಕಲ್ಲು ಎಸೆದಾಗಿದೆ, ಅದು ದಿನವೂ ಬೀಳುತ್ತಿದೆ, ತಡೆಯುವ ಪದ ನಮ್ಮ ಬೆರಳ ತುದಿಯಲ್ಲಿದೆ. ಹೀಗಿರುವಾಗ 'ನಾನೇನೂ ಮಾಡಲಿಲ್ಲ' ಎನ್ನುವ ಮಾತಿಗೆ ಅರ್ಥವೇನು? ನಡೆಯಲು ಬಿಡುವುದು ಇಲ್ಲಿ ಒಂದು ನಿರ್ಧಾರವೇ, ದಿನವೂ ಹೊಸದಾಗಿ ತೆಗೆದುಕೊಳ್ಳುತ್ತಿರುವ ನಿರ್ಧಾರ.

ಸೈಬರ್ನೆಟಿಕ್ಸ್‌ನ ಪ್ರವರ್ತಕ, ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಈ ಎಚ್ಚರಿಕೆ ನೀಡಿದ್ದರು. ಯಂತ್ರದ ವೇಗಕ್ಕೆ ಮನುಷ್ಯನ ವಿವೇಚನೆಯ ವೇಗ ಸಾಟಿಯಲ್ಲ. ಆದ್ದರಿಂದ ನಡುವೆ ಕೈಹಾಕಿ ತಡೆಯಲಾಗದ ಯಂತ್ರಕ್ಕೆ ಕೆಲಸ ಒಪ್ಪಿಸುವ ಮುನ್ನ, ಅದಕ್ಕೆ ಕೊಟ್ಟ ಗುರಿಯೇ ನಮ್ಮ ನಿಜವಾದ ಬಯಕೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ಚಕ್ರವ್ಯೂಹದೊಳಗೆ ಹೊಗುವುದನ್ನು ಕಲಿತು ಹೊರಬರುವುದನ್ನು ಕಲಿಯದ ಅಭಿಮನ್ಯುವಿನ ಕಥೆ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೂ ಜಗತ್ತು ಇದನ್ನು ಮತ್ತೆ ಮತ್ತೆ ದುಬಾರಿ ಬೆಲೆ ತೆತ್ತೇ ಕಲಿಯುತ್ತಿದೆ. 2012ರ ಆಗಸ್ಟ್ 1ಕ್ಕೆ ಮೊದಲಿನ ದಿನಗಳಲ್ಲಿ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಶೇರು ವ್ಯವಹಾರ ಸಂಸ್ಥೆ ಎಂಟು ಸರ್ವರ್‌ಗಳಲ್ಲಿ ಹೊಸ ತಂತ್ರಾಂಶ ಹಾಕಲು ಹೊರಟಿತ್ತು. ಏಳರಲ್ಲಿ ಹಾಕಿ ಎಂಟನೆಯದನ್ನು ಬಿಟ್ಟುಬಿಡಲಾಗಿತ್ತು. ಆ ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಸಂಕೇತಗಳು ಎಚ್ಚರಗೊಂಡವು. ಆಗಸ್ಟ್ 1ರಂದು ಮಾರುಕಟ್ಟೆ ತೆರೆದ ಮೇಲೆ 45 ನಿಮಿಷಗಳಲ್ಲಿ ಅದು 154 ಕಂಪೆನಿಗಳ ಶೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರ ನಡೆಸಿ, ಸಂಸ್ಥೆಗೆ 46 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿತು.

ಈ ಘಟನೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ನಷ್ಟದ ಮೊತ್ತವಲ್ಲ. ಅಂದು ಮಾರುಕಟ್ಟೆ ತೆರೆಯುವ ಮೊದಲೇ ಆ ಯಂತ್ರ ತನ್ನಲ್ಲಿ ದೋಷವಿದೆ ಎಂದು ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು. ಅವುಗಳನ್ನು ಎಚ್ಚರಿಕೆಯ ಗಂಟೆಯೆಂದು ಯಾರೂ ಭಾವಿಸಲಿಲ್ಲ. ಅನಾಹುತ ನಡೆಯುತ್ತಿರುವಾಗ ಸಿಬ್ಬಂದಿ ಸುಮ್ಮನೆ ಕುಳಿತಿರಲಿಲ್ಲ, ಸರಿಪಡಿಸಲು ಓಡಾಡುತ್ತಿದ್ದರು. ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ತಂತ್ರಾಂಶವನ್ನು ಕಿತ್ತು ಹಾಕಿ ಹಾನಿಯನ್ನು ಇನ್ನಷ್ಟು ಹೆಚ್ಚಿಸಿದರು. ಇಂತಹ ಸಂದರ್ಭದಲ್ಲಿ ಏನು ಮಾಡಬೇಕೆಂಬ ಸಮರ್ಪಕ ವಿಧಾನವೇ ಸಂಸ್ಥೆಯಲ್ಲಿ ಇರಲಿಲ್ಲವೆಂದು 2013ರಲ್ಲಿ ಅಲ್ಲಿನ ಶೇರುಪೇಟೆ ನಿಯಂತ್ರಕರು ಹೇಳಿದರು. ನಡೆಯುತ್ತಿರುವ ಯಂತ್ರವನ್ನೇ ರಿಪೇರಿ ಮಾಡಲು ಹೊರಟವರಿಗೆ, ಮೊದಲು ಅದನ್ನು ನಿಲ್ಲಿಸಬೇಕೆಂಬ ನೇಕಾರನ ಸಾಮಾನ್ಯ ಜ್ಞಾನ ನೆನಪಾಗಲಿಲ್ಲ. ಅಥವಾ ನಿಲ್ಲಿಸುವ ಅಧಿಕಾರ ತಮಗಿದೆಯೆಂದು ಯಾರಿಗೂ ಅನಿಸಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲು, 2010ರ ಮೇ 6ರಂದು, ಅಮೆರಿಕದ ಮಾರುಕಟ್ಟೆ ನಿಮಿಷಗಳಲ್ಲಿ ಪಾತಾಳಕ್ಕೆ ಇಳಿಯಿತು. ಯಂತ್ರಗಳು ಯಂತ್ರಗಳಿಗೆ ಮಾರುತ್ತಾ, ಬೆಲೆ ಕುಸಿಯುತ್ತಾ ಹೋದಾಗ ಷಿಕಾಗೋದ ವಾಯಿದಾ ಪೇಟೆಯಲ್ಲಿ ಮೊದಲೇ ಅಳವಡಿಸಿದ್ದ ತಡೆಯೊಂದು ವ್ಯವಹಾರವನ್ನು ನಿಲ್ಲಿಸಿತು. ಎಷ್ಟು ಹೊತ್ತು? ಕೇವಲ ಐದು ಸೆಕೆಂಡು. ಪುನಃ ಆರಂಭವಾದಾಗ ಅಲ್ಲಿನ ಬೆಲೆ ಸ್ಥಿರಗೊಂಡು, ಸ್ವಲ್ಪ ಹೊತ್ತಿನಲ್ಲಿ ಏರತೊಡಗಿತು. ಒಂದು ಉಸಿರಿನಷ್ಟು ವಿರಾಮ ಮಾಡಿದ ಕೆಲಸ ಅದು.

ಹಾಗೆಂದು ವಿರಾಮವೇ ಮದ್ದು ಎನ್ನುವಂತಿಲ್ಲ. ನಮ್ಮ ದೇಶದಲ್ಲಿ 2001ರಿಂದ ಇಂತಹ ನಿಯಮವಿದೆ. ಸೂಚ್ಯಂಕ ಶೇಕಡಾ 10ರಷ್ಟು ಏರಿದರೆ ಅಥವಾ ಇಳಿದರೆ ಶೇರುಪೇಟೆಯ ವ್ಯವಹಾರ ತಡೆಯಲ್ಪಡುತ್ತದೆ. 2020ರ ಮಾರ್ಚ್ 13ರಂದು ಬೆಳಿಗ್ಗೆ ಹೀಗೆ 45 ನಿಮಿಷ ನಿಂತ ಪೇಟೆ ಮತ್ತೆ ತೆರೆದಾಗ ಚೇತರಿಸಿಕೊಂಡು ಲಾಭದಲ್ಲೇ ಮುಕ್ತಾಯವಾಯಿತು. ಹತ್ತು ದಿನಗಳ ಬಳಿಕ ಮಾರ್ಚ್ 23ರಂದು ಅದೇ ನಿಯಮದಡಿ ಮತ್ತೆ ನಿಂತ ಪೇಟೆ ತೆರೆದ ಮೇಲೆ ಇನ್ನಷ್ಟು ಕುಸಿಯಿತು. ನಿಯಮ ಒಂದೇ, ಫಲ ಎರಡು ಬಗೆ. ವಿರಾಮ ರೋಗವನ್ನು ಗುಣಪಡಿಸುವುದಿಲ್ಲ. ಯೋಚಿಸಲು ಸ್ವಲ್ಪ ಸಮಯ ಕೊಡುತ್ತದೆ. ಆ ಸಮಯವನ್ನು ಹೇಗೆ ಬಳಸುತ್ತೇವೆ ಎಂಬುದು ನಮಗೆ ಬಿಟ್ಟದ್ದು.

ಮೇಲಿನ ಉದಾಹರಣೆಗಳಲ್ಲಿ ನಷ್ಟವಾದದ್ದು ಬಹುಮಟ್ಟಿಗೆ ಹಣದ ವ್ಯಾಪಾರ ಮಾಡುವವರಿಗೆ. ಆದ್ದರಿಂದಲೇ ಅಲ್ಲಿ ನಿಮಿಷಗಳ, ಸೆಕೆಂಡುಗಳ ಲೆಕ್ಕವಿದೆ. ಬಡವರ ಮೇಲೆ ನಡೆಯುವ ಯಂತ್ರವನ್ನು ನಿಲ್ಲಿಸಲು ಎಷ್ಟು ಹೊತ್ತು ಬೇಕು? ಆಸ್ಟ್ರೇಲಿಯಾದ ಅನುಭವ ಇದಕ್ಕೆ ಉತ್ತರ ಹೇಳುತ್ತದೆ.

ಅಲ್ಲಿನ ಸರಕಾರ ನಿರುದ್ಯೋಗಿಗಳಿಗೂ ಬಡವರಿಗೂ ನೀಡುವ ಭತ್ಯೆಯಲ್ಲಿ 'ಹೆಚ್ಚಾಗಿ ಪಡೆದ' ಹಣವನ್ನು ಪತ್ತೆ ಹಚ್ಚಲು 2016ರಲ್ಲಿ ಸ್ವಯಂಚಾಲಿತ ವ್ಯವಸ್ಥೆಯೊಂದನ್ನು ವ್ಯಾಪಕವಾಗಿ ಜಾರಿಗೆ ತಂದಿತು. ಜನರು ಅದನ್ನು ರೋಬೋಡೆಟ್ ಎಂದು ಕರೆದರು. ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಎರಡೆರಡು ವಾರಗಳಿಗೆ ಸಮನಾಗಿ ಹಂಚಿ, ಅದನ್ನು ಭತ್ಯೆ ಪಡೆದವರು ತಿಳಿಸಿದ್ದ ಆದಾಯದೊಂದಿಗೆ ಹೋಲಿಸುವುದು ಅದರ ಲೆಕ್ಕ. ವರ್ಷದಲ್ಲಿ ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಕೆಲಸವಿಲ್ಲದೆ ಕುಳಿತವನನ್ನು ಆ ಲೆಕ್ಕ ವರ್ಷವಿಡೀ ದುಡಿದವನೆಂದು ಕಂಡಿತು. ಅವನು ಸುಳ್ಳು ಹೇಳಿ ಭತ್ಯೆ ಪಡೆದಂತೆ ಕಂಡಿತು. ಸಾಲದ ನೋಟೀಸು ಹೋಯಿತು. ತಾನು ಸಾಲಗಾರನಲ್ಲವೆಂದು ಸಾಬೀತುಪಡಿಸುವ ಹೊರೆ ಅವನ ಮೇಲೆಯೇ ಬಿತ್ತು.

ದೂರುಗಳು ಬಂದವು, ಪತ್ರಿಕೆಗಳು ಬರೆದವು, ಕಾನೂನು ಬಲ್ಲವರು ಎಚ್ಚರಿಸಿದರು. ಯಂತ್ರ ನಡೆಯುತ್ತಲೇ ಇತ್ತು. ಕೇವಲ ಸರಾಸರಿಯ ಆಧಾರದಲ್ಲಿ ಸಾಲ ಹೊರಿಸುವುದನ್ನು ನಿಲ್ಲಿಸಿದ್ದು 2019ರ ನವೆಂಬರಿನಲ್ಲಿ. 2020ರ ಮೇ ತಿಂಗಳಲ್ಲಿ ಸುಮಾರು 4.7 ಲಕ್ಷ ಸಾಲಗಳಿಗೆ ಸಂಬಂಧಿಸಿದಂತೆ 72.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಮರಳಿಸುವುದಾಗಿ ಸರಕಾರ ಘೋಷಿಸಿತು. 2023ರ ಜುಲೈಯಲ್ಲಿ ರಾಯಲ್ ಕಮಿಷನ್ ತನ್ನ ವರದಿಯಲ್ಲಿ ಈ ಯೋಜನೆ ನ್ಯಾಯಬದ್ಧವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದು ಸ್ಪಷ್ಟ ಮಾತುಗಳಲ್ಲಿ ಹೇಳಿತು. ನೋಟೀಸು ಬಂದ ಬಳಿಕ ಆತ್ಮಹತ್ಯೆ ಮಾಡಿಕೊಂಡ ಮಕ್ಕಳ ತಾಯಂದಿರು ಆ ಆಯೋಗದ ಮುಂದೆ ನಿಂತು ಸಾಕ್ಷ್ಯ ನುಡಿದರು.

ಆ ವ್ಯವಸ್ಥೆಯನ್ನು ನಿಲ್ಲಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಾಗಿರಲಿಲ್ಲ. ಇಲ್ಲದೇ ಹೋದದ್ದು ಮನಸ್ಸು. ತಪ್ಪನ್ನು ಕಾಣುವ ಕಣ್ಣು ಒಂದು ಕಡೆ, ನೋವನ್ನು ಉಣ್ಣುವ ಮೈ ಒಂದು ಕಡೆ, ನಿಲ್ಲಿಸುವ ಕೈ ಮತ್ತೊಂದು ಕಡೆ ಇತ್ತು. ಮಗ್ಗದಲ್ಲಿ ಒಬ್ಬನಲ್ಲೇ ಇದ್ದುದನ್ನು ನಾವು ಮೂರಾಗಿ ಒಡೆದಿದ್ದೇವೆ. ಅನ್ಯಾಯ ಹುಟ್ಟುವುದು ಈ ಒಡಕಿನಲ್ಲಿ. ಕಂಡವನಿಗೆ ಅಧಿಕಾರವಿಲ್ಲ, ಅಧಿಕಾರವುಳ್ಳವನಿಗೆ ಕಾಣುವುದಿಲ್ಲ, ನೊಂದವನ ಮಾತು ಇಬ್ಬರಿಗೂ ತಲಪುವುದಿಲ್ಲ.

ಈಗ ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. ನಿಲ್ಲಿಸುವುದು ಯಾವಾಗಲೂ ನಿರಪಾಯವೇ? ಖಂಡಿತ ಅಲ್ಲ. ಸಾಲದ ನೋಟೀಸು ಕಳುಹಿಸುವ ಸರಣಿಯನ್ನು ತಡೆದರೆ ಬಡವ ಉಸಿರಾಡುತ್ತಾನೆ. ಪಿಂಚಣಿ ಕಳುಹಿಸುವ ಸರಣಿಯನ್ನು ತಡೆದರೆ ಅದೇ ಬಡವ ಉಪವಾಸ ಬೀಳುತ್ತಾನೆ. ಕಪ್ಪು ಪರದೆಯ ಮೇಲೆ ಎರಡೂ ಒಂದೇ ಪದ. 'ಪರಿಶೀಲನೆಯ ಸಲುವಾಗಿ ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ' ಎಂಬ ವಾಕ್ಯವನ್ನು ನಮ್ಮ ನಾಡಿನ ಯಾವ ವಿಧವೆ, ಯಾವ ವಿದ್ಯಾರ್ಥಿ ಕೇಳಿಲ್ಲ? ತಾತ್ಕಾಲಿಕ ಎಂಬ ಪದ ಕಚೇರಿಯವರಿಗೆ ಸಣ್ಣದು, ಕಾಯುವವರಿಗೆ ದೊಡ್ಡದು. ನಿಲ್ಲಿಸುವ ಅಧಿಕಾರ ಕಾಪಾಡುವ ಅಧಿಕಾರವಾಗಿರುವಂತೆಯೇ ಹಿಂಸಿಸುವ ಅಧಿಕಾರವೂ ಆಗಬಲ್ಲದು.

ಇಲ್ಲಿ ನಮ್ಮ ಭಾಷೆಯ ಒಂದು ಪದ ನೆರವಿಗೆ ಬರುತ್ತದೆ. ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವುದಕ್ಕೆ ಕನ್ನಡದಲ್ಲಿ 'ಅಮಾನತು' ಎನ್ನುತ್ತೇವೆ. ಅದೇ ಪದಕ್ಕೆ ಠೇವಣಿ ಎಂಬ ಅರ್ಥವೂ ಇದೆ. ಅರಬಿಯಿಂದ ಬಂದ ಈ ಪದದ ಮೂಲದಲ್ಲಿ ನಂಬಿ ಒಪ್ಪಿಸಿದ ವಸ್ತು, ಜೋಪಾನವಾಗಿ ಮರಳಿಸಬೇಕಾದ ಹೊಣೆ ಎಂಬ ಅರ್ಥವಿದೆ. ತಡೆಹಿಡಿದದ್ದಕ್ಕೂ ನಂಬಿ ಒಪ್ಪಿಸಿದ್ದಕ್ಕೂ ಒಂದೇ ಪದ ಒದಗಿರುವುದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಅದರಲ್ಲಿ ಒಂದು ವಿವೇಕವಿದೆ. ತಡೆಹಿಡಿದದ್ದು ತಡೆಹಿಡಿದವನ ಸೊತ್ತಲ್ಲ. ಅದು ಅವನಲ್ಲಿರುವ ಠೇವಣಿ. ಅದರ ಹಿಂದೆ ಯಾರದೋ ಹಕ್ಕು ಕಾಯುತ್ತಿದೆ. ರದ್ದುಪಡಿಸುವುದಕ್ಕೂ ಅಮಾನತಿನಲ್ಲಿಡುವುದಕ್ಕೂ ಇರುವ ವ್ಯತ್ಯಾಸ ಇದುವೇ.

ತಂತ್ರಜ್ಞರ ಲೋಕದಲ್ಲೂ ಈ ವ್ಯತ್ಯಾಸ ಇದೆ ಎಂಬುದು ಗಮನಾರ್ಹ. ಯುನಿಕ್ಸ್ ಕಾರ್ಯವ್ಯವಸ್ಥೆಯಲ್ಲಿ ನಡೆಯುತ್ತಿರುವ ತಂತ್ರಾಂಶಕ್ಕೆ ಹಲವು ಬಗೆಯ ಸಂಕೇತಗಳನ್ನು ಕಳುಹಿಸಬಹುದು. ಅವುಗಳಲ್ಲಿ ಬಹುತೇಕವನ್ನು ಆ ತಂತ್ರಾಂಶ ಅಲಕ್ಷಿಸಬಹುದು ಅಥವಾ ತನ್ನದೇ ರೀತಿಯಲ್ಲಿ ಉತ್ತರಿಸಬಹುದು. ಯಾವ ತಂತ್ರಾಂಶವೂ ಧಿಕ್ಕರಿಸಲಾಗದ ಸಂಕೇತಗಳು ಎರಡೇ. ಒಂದು ಕೊಲ್ಲುವ ಸಂಕೇತ, ಇನ್ನೊಂದು ತಡೆಯುವ ಸಂಕೇತ. ಕೊಂದರೆ ಮಾಡುತ್ತಿದ್ದ ಕೆಲಸ ಅಲ್ಲಿಗೆ ಹೋಯಿತು. ತಡೆದರೆ ಅದು ತನ್ನ ಸ್ಥಳ, ತನ್ನ ನೆನಪು ಎಲ್ಲವನ್ನೂ ಉಳಿಸಿಕೊಂಡು ನಿಂತಲ್ಲೇ ನಿಂತಿರುತ್ತದೆ. ಮುಂದುವರಿಯಲು ಹೇಳಿದಾಗ ಬಿಟ್ಟಲ್ಲಿಂದ ಆರಂಭಿಸುತ್ತದೆ. ಎಷ್ಟೇ ಜಾಣತನದಿಂದ ಬರೆದ ತಂತ್ರಾಂಶವಾದರೂ ನಿಲ್ಲುವುದೋ ಬೇಡವೋ ಎಂಬ ಕೊನೆಯ ಮಾತು ಅದರದಲ್ಲ ಎಂದು ಅದನ್ನು ರೂಪಿಸಿದವರು ಗೆರೆ ಎಳೆದಿದ್ದಾರೆ.

ಆದರೆ ನಿಜವಾದ ಪರೀಕ್ಷೆ ಇರುವುದು ಪುನರಾರಂಭದಲ್ಲಿ. ತಂತ್ರಾಂಶ ನಿಂತರೂ ಲೋಕ ನಿಲ್ಲುವುದಿಲ್ಲ. ಏರ್‌ಫ್ಲೋ ಎಂಬ ಬಹುಬಳಕೆಯ ವ್ಯವಸ್ಥೆಯಲ್ಲಿ ಒಂದು ಸರಣಿಯನ್ನು ತಡೆದಾಗ ಆಗಲೇ ಶುರುವಾಗಿದ್ದ ಹಂತ ಮುಗಿಯುತ್ತದೆ, ಮುಂದಿನ ಹಂತಗಳು ಸಾಲುಗಟ್ಟಿ ಕಾಯುತ್ತವೆ. ಮತ್ತೆ ಚಾಲೂ ಮಾಡಿದಾಗ, ತಪ್ಪಿಹೋದ ದಿನಗಳ ಕೆಲಸವನ್ನೂ ಮಾಡಬೇಕೆಂದು ಮೊದಲೇ ಹೇಳಿಟ್ಟಿದ್ದರೆ ಅವೆಲ್ಲವನ್ನೂ ಅದು ಬೆನ್ನು ಬೆನ್ನಿಗೆ ಮಾಡತೊಡಗುತ್ತದೆ. ಕುಬರ್ನೆಟಿಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲೂ, ಆರಂಭದ ಗಡುವನ್ನು ಹೇಳಿರದಿದ್ದರೆ, ತಡೆ ತೆಗೆದ ಕೂಡಲೇ ತಪ್ಪಿದ ಕೆಲಸಗಳು ಸರದಿಗೆ ಬರುತ್ತವೆ. ತಪ್ಪು ಸರಿಹೋಗದೆ ತಡೆ ತೆಗೆದರೆ ದಿನಗಳ ತಪ್ಪು ಕ್ಷಣಗಳಲ್ಲಿ ನಡೆದುಹೋಗುತ್ತದೆ. ಅಣೆಕಟ್ಟಿನ ಗೇಟು ಮುಚ್ಚುವುದಕ್ಕಿಂತ ತೆರೆಯುವುದಕ್ಕೆ ಹೆಚ್ಚು ಎಚ್ಚರ ಬೇಕು. ಕೆಳಗಿನ ಊರಿಗೆ ಡಂಗುರ ಸಾರದೆ ತೆರೆಯುವಂತಿಲ್ಲ.

ಇದರ ಮಾನವೀಯ ರೂಪವನ್ನು ನಾವೆಲ್ಲರೂ ಕೊರೋನಾ ಕಾಲದಲ್ಲಿ ಕಂಡೆವು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೂರು ತಿಂಗಳು ತಡೆಹಿಡಿಯಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಬಳಿಕ ಅದನ್ನು ಆಗಸ್ಟ್ 31ರ ವರೆಗೆ ವಿಸ್ತರಿಸಿತು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತವರಿಗೆ ಅದು ದೊಡ್ಡ ನೆಮ್ಮದಿ. ಆದರೆ ನಿಂತದ್ದು ಕಂತು ಮಾತ್ರ, ಬಡ್ಡಿಯ ಚಕ್ರ ತಿರುಗುತ್ತಲೇ ಇತ್ತು. ಆರು ತಿಂಗಳ ಬಡ್ಡಿ ಅಸಲಿಗೆ ಸೇರಿ, ಅದರ ಮೇಲೆ ಮತ್ತೆ ಬಡ್ಡಿ ಬೀಳುವ ಸ್ಥಿತಿ ಬಂತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ನ್ಯಾಯಾಲಯ ಬಡ್ಡಿಯನ್ನು ಪೂರ್ತಿ ಮನ್ನಾ ಮಾಡಲು ಒಪ್ಪಲಿಲ್ಲ. ಆದರೆ ಆ ಅವಧಿಗೆ ಯಾವ ಸಾಲಗಾರನಿಂದಲೂ ಬಡ್ಡಿಯ ಮೇಲಿನ ಬಡ್ಡಿಯನ್ನು ವಸೂಲು ಮಾಡಕೂಡದೆಂದು ಹೇಳಿತು. ವಿರಾಮ ಕೊಟ್ಟವರು ಆ ವಿರಾಮವನ್ನೇ ದಂಡವಾಗಿ ಮಾಡಬಾರದು ಎಂಬುದು ಇದರಿಂದ ನಾವು ಕಲಿಯಬೇಕಾದ ನೀತಿ. ಒಂದು ಚಕ್ರವನ್ನು ನಿಲ್ಲಿಸಿ ಇನ್ನೊಂದನ್ನು ತಿರುಗಲು ಬಿಟ್ಟರೆ ಅದು ಅರ್ಧ ವಿರಾಮ. ಅದರ ಬೆಲೆಯನ್ನು ದುರ್ಬಲನೇ ತೆರುತ್ತಾನೆ.

ಹಾಗಾದರೆ ನಿಲ್ಲಿಸುವ ಅಧಿಕಾರ ಯಾರಲ್ಲಿರಬೇಕು? ಎಲ್ಲರಲ್ಲೂ ಇದ್ದರೆ ಕೆಲಸ ನಡೆಯುವುದಿಲ್ಲ, ಮೇಲಿನವರಲ್ಲಿ ಮಾತ್ರ ಇದ್ದರೆ ತಪ್ಪು ನಿಲ್ಲುವುದಿಲ್ಲ ಎಂಬ ಆಕ್ಷೇಪ ಸಹಜ. ಇದಕ್ಕೆ ಒಂದು ಉತ್ತರ ಮಗ್ಗದ ಕಡೆಯಿಂದಲೇ ಬಂದಿದೆ. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಎಳೆ ಕಡಿದರೆ ತಾನಾಗಿ ನಿಲ್ಲುತ್ತಿತ್ತು. ಹೀಗೆ, ತಪ್ಪು ಕಂಡಾಗ ನಿಲ್ಲುವ ಗುಣವನ್ನು ಯಂತ್ರದೊಳಗೇ ಇಡುವ ವಿಚಾರ ಮುಂದೆ ಅವರ ಮಗ ಆರಂಭಿಸಿದ ಕಾರು ಕಾರ್ಖಾನೆಯ ತಳಹದಿಯಾಯಿತು. ಅಲ್ಲಿ ಸಾಲಿನ ಯಾವ ಕಾರ್ಮಿಕನಾದರೂ ದೋಷ ಕಂಡರೆ ಹಗ್ಗ ಎಳೆಯಬಹುದು. ಮೇಲ್ವಿಚಾರಕ ಅವನ ಬಳಿಗೆ ಓಡಿ ಬರುತ್ತಾನೆ. ನಿಗದಿತ ಜಾಗ ತಲಪುವುದರೊಳಗೆ ದೋಷ ಸರಿಯಾದರೆ ಸಾಲು ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಟೊಯೋಟಾದ ಕಾರ್ಖಾನೆ ನಮ್ಮ ಬಿಡದಿಯಲ್ಲೂ ಇದೆ. ಅಲ್ಲಿಂದ ಹೊರಬರುವ ಕಾರು ನಮಗೆ ಗೊತ್ತು, ಆ ಹಗ್ಗದ ಹಿಂದಿನ ವಿಚಾರದ ಬಗ್ಗೆ ನಾವು ಅಷ್ಟಾಗಿ ಯೋಚಿಸಿಲ್ಲ.

ಆ ಹಗ್ಗದಲ್ಲಿ ಮೂರು ಒಳ್ಳೆಯ ಅಂಶಗಳಿವೆ. ಮೊದಲನೆಯದಾಗಿ, ತಪ್ಪನ್ನು ಕಾಣುವ ಕಣ್ಣಿಗೂ ನಿಲ್ಲಿಸುವ ಕೈಗೂ ಇರುವ ದೂರವನ್ನು ಅದು ಕಡಿಮೆ ಮಾಡುತ್ತದೆ. ಎರಡನೆಯದಾಗಿ, ಹಗ್ಗ ಎಳೆಯುವುದು ಗುಟ್ಟಿನ ಕೆಲಸವಲ್ಲ. ದೀಪ ಹೊತ್ತುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮೂರನೆಯದಾಗಿ, ಎಳೆದವನನ್ನು ಗದರಿಸಲು ಅಲ್ಲ, ಅವನ ಮಾತು ಕೇಳಲು ಜನ ಬರುತ್ತಾರೆ. ಈ ಮೂರನೆಯದೇ ಇಲ್ಲದಿದ್ದರೆ ಮೊದಲ ಎರಡೂ ವ್ಯರ್ಥ. ಗದರಿಕೆಗೆ ಅಂಜಿದ ಕೈ ಹಗ್ಗ ಎದುರಿಗೇ ತೂಗುತ್ತಿದ್ದರೂ ಮೇಲೇಳುವುದಿಲ್ಲ.

ರಾತ್ರಿ ಪಾಳಿಯ ಆ ಯುವಕನ ಸ್ಥಿತಿಯನ್ನು ಈ ಅಳತೆಗೋಲಿನಿಂದ ನೋಡೋಣ. ಏನೋ ತಪ್ಪಾಗಿದೆ ಎಂದು ಅವನಿಗೆ ಅನಿಸುತ್ತದೆ. ಖಚಿತವಿಲ್ಲ. ನಿಲ್ಲಿಸಿ ತಪ್ಪಾದರೆ 'ಯಾಕೆ ನಿಲ್ಲಿಸಿದೆ?' ಎಂಬ ಪ್ರಶ್ನೆ ನೇರ ಅವನಿಗೇ ಬರುತ್ತದೆ. ನಿಲ್ಲಿಸದೆ ತಪ್ಪಾದರೆ ಅದು ವ್ಯವಸ್ಥೆಯ ದೋಷವಾಗುತ್ತದೆ, ಯಾರೊಬ್ಬನ ಹೆಸರೂ ಬರುವುದಿಲ್ಲ. ಇಂತಹ ತಕ್ಕಡಿಯಲ್ಲಿ ಸುಮ್ಮನಿರುವುದೇ ಹಗುರ. ಆದ್ದರಿಂದ ವ್ಯಕ್ತಿಯ ಧೈರ್ಯದ ಬಗ್ಗೆ ಉಪದೇಶ ಮಾಡುವ ಮೊದಲು ಈ ತಕ್ಕಡಿಯನ್ನು ಸರಿಪಡಿಸಬೇಕು. ಒಳ್ಳೆಯ ಉದ್ದೇಶದಿಂದ, ಕಾರಣ ಬರೆದಿಟ್ಟು ನಿಲ್ಲಿಸಿದವನಿಗೆ ಶಿಕ್ಷೆಯಿಲ್ಲ ಎಂಬ ಭರವಸೆ ಮೊದಲೇ ಇರಬೇಕು.

ನಮ್ಮ ರಾಜ್ಯದಲ್ಲೂ ದೇಶದಲ್ಲೂ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ ಎಲ್ಲವೂ ದಿನದಿಂದ ದಿನಕ್ಕೆ ಯಂತ್ರದ ದಿನಚರಿಗೆ ಸೇರುತ್ತಿವೆ. ಅದರಿಂದ ಲಾಭವಿದೆ. ಮಧ್ಯವರ್ತಿಯ ಕೈಯಿಂದ ತಪ್ಪಿಸಿ ನೇರ ಖಾತೆಗೆ ಹಣ ಬರುವುದನ್ನು ಯಾರೂ ಬೇಡವೆನ್ನಲಾರರು. ಆದರೆ ಪ್ರತಿಯೊಂದು ಯೋಜನೆಯ ಉದ್ಘಾಟನೆಯ ದಿನ ಅದನ್ನು ಆರಂಭಿಸುವವರ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ನಿಲ್ಲಿಸುವವರ ಹೆಸರು ಎಲ್ಲೂ ಇರುವುದಿಲ್ಲ. ನಾಗರಿಕರಾಗಿ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಇದು ತಪ್ಪು ಮಾಡಿದರೆ ನಿಲ್ಲಿಸುವವರು ಯಾರು? ಅವರಿಗೆ ನಾವು ಹೇಳುವುದು ಹೇಗೆ? ನಿಲ್ಲಿಸಿದ ಕಾರಣವನ್ನು ಎಲ್ಲಿ ಬರೆದಿಡಲಾಗುತ್ತದೆ? ಯಾವ ದಿನದೊಳಗೆ ಮತ್ತೆ ಆರಂಭವಾಗುತ್ತದೆ? ಅಲ್ಲಿಯವರೆಗೆ ಕಾಯುವವರು ಏನನ್ನು ಉಣ್ಣುತ್ತಾರೆ?

ಈ ಐದು ಪ್ರಶ್ನೆಗಳಿಗೆ ಉತ್ತರವಿಲ್ಲದ ಯಂತ್ರ ಎಷ್ಟೇ ವೇಗದ್ದಾಗಿರಲಿ, ಅದನ್ನು ಜನರ ಬದುಕಿನ ಮೇಲೆ ಬಿಡುವ ಹಕ್ಕು ಯಾರಿಗೂ ಇಲ್ಲ.